ಹದಿನಾಲ್ಕೋ ಹದಿನೇಳೋ

ಯಗಟಿ ಕಡೆಯಿಂದ ಕಡೂರಿಗೆ ಬರುವ ಸಂಜೆಯ ಬಸ್ಸಿನಲ್ಲಿ ರುದ್ರಮೂರ್ತಿ ಮೇಷ್ಟ್ರು ಯಾವಾಗಲೂ ಬಾಗಿಲ ಪಕ್ಕದ ಸೀಟನ್ನೇ ಹಿಡಿಯುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಇನ್ನೂ ಒಂದು ಸ್ಟಾಪ್ ಇರುವಾಗಲೇ ಇಳಿದು, ಹಿಂದಿನ ರಸ್ತೆಯಲ್ಲಿ ಸುತ್ತಿಕೊಂಡು ಮನೆಗೆ ನಡೆಯುತ್ತಿದ್ದರು. ಮಳೆ ಸುರಿಯುತ್ತಿದ್ದರೂ ಅಷ್ಟೇ, ಕಾಲಿಗೆ ಉಳುಕಾಗಿದ್ದಾಗಲೂ ಅಷ್ಟೇ. ನಾನು ಅವರ ಶಾಲೆಯಲ್ಲೇ ಗಣಿತ ಹೇಳಿಕೊಡುವವಳು, ನಾಲ್ಕು ವರ್ಷದಿಂದ ಅದೇ ಬಸ್ಸಿನಲ್ಲಿ ಓಡಾಡುವವಳು. ಡಾಕ್ಟರು ನಡೆಯಲು ಹೇಳಿರಬೇಕು ಎಂದುಕೊಂಡಿದ್ದೆ. ನಿಜ ಗೊತ್ತಾದದ್ದು ಕಳೆದ ವರ್ಷದ ಏಪ್ರಿಲ್‌ನಲ್ಲಿ.

ರುದ್ರಮೂರ್ತಿಯವರು ನಮ್ಮ ಪೀಟಿ ಮೇಷ್ಟ್ರು. ಐವತ್ತರ ಹತ್ತಿರದ ವಯಸ್ಸು, ಸಣ್ಣ ಆಳು, ಹಣೆಯಲ್ಲಿ ತೆಳುವಾದ ವಿಭೂತಿ, ಕೊರಳಲ್ಲಿ ಸೀಟಿ. ಅವರ ತಂದೆ ಕಡೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಿದ್ದರಂತೆ. ಮಗ ಮಂಡಿಯಲ್ಲಿ ಕೂರದೆ ಮೈದಾನ ಸೇರಿದ. ನಮ್ಮ ಶಾಲೆಯಲ್ಲಿ ಆರರಿಂದ ಹತ್ತರವರೆಗೆ ತರಗತಿಗಳಿವೆ. ಬೇರೆ ಶಾಲೆಗಳೆಲ್ಲ ಕಬಡ್ಡಿ, ಖೋ ಖೋ ಎನ್ನುವಾಗ ಇವರು ಹೆಣ್ಣುಮಕ್ಕಳಿಗೆ ಸಾಫ್ಟ್‌ಬಾಲ್ ಕಲಿಸಿದರು. ಹೆಸರಿಗೆ ಮೆತ್ತನೆಯ ಚೆಂಡು, ಕೈಯಲ್ಲಿ ಹಿಡಿದರೆ ಮರದ ತುಂಡಿನಂತೆ ಗಟ್ಟಿ. ಅದನ್ನು ಸೊಂಟದ ಕೆಳಗಿನಿಂದ ತೋಳು ಬೀಸಿ ಎಸೆಯಬೇಕು, ಎದುರಿನವಳು ಬ್ಯಾಟಿನಿಂದ ಹೊಡೆಯಬೇಕು. ಎಸೆಯುವ ಹುಡುಗಿಯನ್ನು ಪಿಚರ್ ಎನ್ನುತ್ತಾರೆ. ಬ್ಯಾಟಿಗೆ ಎದುರಾಗಿ, ಹದಿನೈದು ಹೆಜ್ಜೆಯಷ್ಟು ದೂರದಲ್ಲಿ ನಿಲ್ಲುವವಳು ಅವಳು.

ಶಾಲೆಗಳ ಪಂದ್ಯ ನಡೆಯುವುದು ಆಗಸ್ಟ್‌ನಿಂದಾಚೆ. ಬೇಸಿಗೆ ರಜದಲ್ಲಿ ಪಂದ್ಯವಿಲ್ಲ. ಆದರೆ ಮೇಷ್ಟ್ರ ನಿಜವಾದ ಕೆಲಸ ಆಗಲೇ. ಬೆಳಗ್ಗೆ ಆರಕ್ಕೆ, ಬಿಸಿಲೇರುವ ಮೊದಲು, ಮಕ್ಕಳನ್ನು ಮೈದಾನಕ್ಕೆ ಕರೆಸಿ, ಯಾರು ಹದಿನಾಲ್ಕು ವರ್ಷದೊಳಗಿನವರ ತಂಡಕ್ಕೆ, ಯಾರು ಹದಿನೇಳರ ತಂಡಕ್ಕೆ ಎಂದು ಜೂನ್ ಹೊತ್ತಿಗೆ ಪಟ್ಟಿ ಮಾಡುತ್ತಿದ್ದರು. ಹೆಣ್ಣುಮಕ್ಕಳ ಶಿಬಿರಕ್ಕೆ ಒಬ್ಬ ಶಿಕ್ಷಕಿ ಇರಲೇಬೇಕೆಂಬ ನಿಯಮದಿಂದ ನಾನೂ ಹೋಗುತ್ತಿದ್ದೆ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಹೊಡೆದವಳು ಓಡಿ ಮುಟ್ಟಬೇಕಾದ ಬೇಸುಗಳು ಗೋಣಿಚೀಲದಲ್ಲಿ ಮರಳು ತುಂಬಿ ಮಾಡಿದವು. ಕುರಿಮಂದೆ ಅಡ್ಡ ಬಂದರೆ ಆಟ ನಿಲ್ಲಿಸಿ ಕಾಯಬೇಕು.

ಆ ವರ್ಷ ಕಷ್ಟವಾದದ್ದು ಸ್ಪೂರ್ತಿ ಎಂಬ ಒಬ್ಬಳೇ ಹುಡುಗಿಯ ವಿಷಯದಲ್ಲಿ. ಎಂಟನೇ ತರಗತಿ ಮುಗಿಸಿದ್ದಳು. ಹುಟ್ಟಿದ್ದು ಜನವರಿ ಒಂಬತ್ತರಂದು. ನಿಯಮದ ಲೆಕ್ಕ ಜನವರಿ ಒಂದರಿಂದ, ಒಂಬತ್ತು ದಿನ ಮೊದಲು ಹುಟ್ಟಿದ್ದರೆ ಹದಿನಾಲ್ಕರ ತಂಡಕ್ಕೆ ಬರುತ್ತಿರಲಿಲ್ಲ. ಹಾಗಾಗಿ ಇನ್ನೊಂದು ವರ್ಷ ಚಿಕ್ಕವರ ಜೊತೆ ಆಡಬಹುದಿತ್ತು, ಬೇಕಾದರೆ ದೊಡ್ಡವರ ಜೊತೆಯೂ ಆಡಬಹುದಿತ್ತು. ಕಡ್ಡಿಯಂಥ ಹುಡುಗಿ, ಆದರೆ ತೋಳು ಮಾತ್ರ ಬೇರೆಯೇ. ರಾಗಿ ಹೊಲದಲ್ಲಿ ಕವಣೆ ಬೀಸಿ ಹಕ್ಕಿ ಓಡಿಸಿ ಬಂದ ಕೈ ಎಂದು ಅವಳ ಅಜ್ಜಿ ಕರಿಯಮ್ಮ ಹೇಳುತ್ತಿದ್ದರು. ಅವಳು ಎಸೆದ ಚೆಂಡು ಗ್ಲೌಸಿಗೆ ಬಿದ್ದ ಸದ್ದು ನಾನು ಕೂತಲ್ಲಿಗೆ ಕೇಳುತ್ತಿತ್ತು.

ಮುಖ್ಯೋಪಾಧ್ಯಾಯರಾದ ಈರಭದ್ರಪ್ಪನವರಿಗೆ ಅವಳು ಹದಿನಾಲ್ಕರ ತಂಡದಲ್ಲೇ ಇರಬೇಕಿತ್ತು. ಮೂರು ವರ್ಷದಿಂದ ಆ ತಂಡ ಜಿಲ್ಲಾ ಪಂದ್ಯದಲ್ಲಿ ಸೆಮಿಫೈನಲ್ ದಾಟಿರಲಿಲ್ಲ. ಈ ಹುಡುಗಿ ಎಸೆದರೆ ಹನ್ನೊಂದು ಹನ್ನೆರಡರ ಮಕ್ಕಳು ಬ್ಯಾಟು ಎತ್ತುವುದೇ ಇಲ್ಲ, ನಿಯಮ ಒಪ್ಪುತ್ತದೆ, ಇನ್ನೇನು ಬೇಕು ಎಂದು ಅವರು ಕೇಳುತ್ತಿದ್ದರು. ಅವಳ ಅಪ್ಪ ಮಹೇಂದ್ರ ತೆಂಗಿನಕಾಯಿ ಸಾಗಿಸುವ ಟೆಂಪೋ ಓಡಿಸುವವನು. ಅವನಿಗೆ ಮಗಳು ದೊಡ್ಡ ತಂಡದಲ್ಲೇ ಆಡಬೇಕಿತ್ತು. ರಾಜ್ಯ ತಂಡಕ್ಕೆ ಆರಿಸುವವರು ಬಂದು ನೋಡುವುದು ಅಲ್ಲೇ ಎಂದು ಯಾರೋ ಹೇಳಿದ್ದರು. ಎರಡೂ ಕಡೆಯವರಿಗೆ ಮೇಷ್ಟ್ರು ನೋಡೋಣ ಎಂದಷ್ಟೇ ಹೇಳುತ್ತಿದ್ದರು.

ಶಿಬಿರ ಶುರುವಾದ ಎರಡನೇ ವಾರ ಅದು ನಡೆಯಿತು. ಆರನೇ ತರಗತಿ ಮುಗಿಸಿದ್ದ ಭವ್ಯ ಎಂಬ ಮಗು ಬ್ಯಾಟು ಹಿಡಿದು ನಿಂತಿತ್ತು. ಹೆಲ್ಮೆಟ್ಟು ಅವಳ ತಲೆಗೆ ದೊಡ್ಡದು. ಸ್ಪೂರ್ತಿ ಎಸೆದ ಚೆಂಡು ಕೈ ತಪ್ಪಿ ಮೇಲಕ್ಕೆ ಹೋಯಿತು. ಭವ್ಯ ಸರಿಯಲಿಲ್ಲ, ಬಾಗಲಿಲ್ಲ, ಹಾವು ಕಂಡ ಕೋಳಿಮರಿಯ ಹಾಗೆ ನಿಂತಿದ್ದಳು. ಚೆಂಡು ಹೆಲ್ಮೆಟ್ಟಿನ ಅಂಚಿನ ಕೆಳಗೆ, ಕಿವಿಯ ಹಿಂದೆ ಬಡಿಯಿತು. ಮಗು ಸದ್ದಿಲ್ಲದೆ ಕುಸಿಯಿತು.

ನಾನು ಓಡಿದೆ. ಹೆಸರು ಹಿಡಿದು ಕರೆದರೆ ಉತ್ತರವಿಲ್ಲ. ಕಣ್ಣು ಅರ್ಧ ತೆರೆದಿತ್ತು, ಬಿಳಿ ಕಾಣುತ್ತಿತ್ತು. ತಿರುಗಿ ನೋಡಿದರೆ ಮೇಷ್ಟ್ರು ನಿಂತಲ್ಲೇ ನಿಂತಿದ್ದರು. ಸೀಟಿ ಬಾಯಲ್ಲೇ ಇತ್ತು. ನಾನು ಕೂಗಿದೆ, ಅವರು ಅಲುಗಲಿಲ್ಲ. ಒಂದು ನಿಮಿಷವೋ ಎರಡೋ ಕಳೆದ ಮೇಲೆ ಮಗು ಅಮ್ಮಾ ಎಂದಿತು. ಮಗಳನ್ನು ಬಿಡಲು ಬಂದಿದ್ದ ಮಹೇಂದ್ರನ ಟೆಂಪೋದಲ್ಲೇ ಕಡೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಸ್ಕ್ಯಾನ್ ಮಾಡಿಸಿ, ಸಂಜೆಯವರೆಗೆ ಮಲಗಿಸಿಕೊಂಡು, ಏನೂ ಆಗಿಲ್ಲ ಎಂದು ಕಳಿಸಿದರು. ಅಷ್ಟು ಹೊತ್ತೂ ಮೇಷ್ಟ್ರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದರು. ಒಳಗೆ ಬರಲಿಲ್ಲ.

ಭವ್ಯಳನ್ನು ಮನೆಗೆ ಕಳಿಸಿದ ಮೇಲೆ ಅವರು ನನಗೆ ಸಂಗೀತಾಳ ವಿಷಯ ಹೇಳಿದರು.

ಹನ್ನೊಂದು ವರ್ಷದ ಹಿಂದಿನ ಮಾತು. ಆಗಲೂ ಬೇಸಿಗೆ. ಸಂಗೀತಾಗೆ ಹದಿಮೂರು, ಒಳ್ಳೆಯ ಪಿಚರ್. ದೊಡ್ಡವರ ಜೊತೆ ಆಡಿದರೆ ಬೇಗ ಕಲಿಯುತ್ತಾಳೆ ಎಂದು ಮೇಷ್ಟ್ರು ಅವಳನ್ನು ತರೀಕೆರೆಯಲ್ಲಿ ಒಂದು ಅಭ್ಯಾಸ ಪಂದ್ಯಕ್ಕೆ ಇಳಿಸಿದರು. ಎದುರು ಹತ್ತನೇ ತರಗತಿ ಮುಗಿಸಿದ ಗಟ್ಟಿ ಹುಡುಗಿಯರು. ಎರಡನೇ ಇನ್ನಿಂಗ್ಸಿನಲ್ಲಿ ಅವಳು ಎಸೆದ ಚೆಂಡು ಬ್ಯಾಟಿಗೆ ಸಿಕ್ಕಿ, ಎಸೆದದ್ದಕ್ಕಿಂತ ಎರಡು ಪಾಲು ಜೋರಾಗಿ ನೇರ ಅವಳ ಮುಖಕ್ಕೇ ಬಂತು. ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು, ಎರಡು ಸಲ ಆಪರೇಷನ್ ಆಯಿತು. ಬಲಗಣ್ಣಿನ ದೃಷ್ಟಿ ಬರಲಿಲ್ಲ. ಅವಳ ಮನೆಯವರು ಯಾರ ಮೇಲೂ ದೂರು ಕೊಡಲಿಲ್ಲ, ಮೇಷ್ಟ್ರನ್ನು ಬೈಯಲಿಲ್ಲ ಕೂಡ. ಬೈದಿದ್ದರೆ ಚೆನ್ನಾಗಿತ್ತು ಎಂದರು ಮೇಷ್ಟ್ರು.

ಈಗ ಸಂಗೀತಾ ಕಡೂರಿನ ಬಸ್ ಸ್ಟ್ಯಾಂಡಿನ ಎದುರು ಜೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಮೇಷ್ಟ್ರು ಒಂದು ಸ್ಟಾಪ್ ಹಿಂದೆ ಇಳಿಯುತ್ತಿದ್ದದ್ದು ಆ ಅಂಗಡಿಯ ಮುಂದೆ ಹಾದು ಹೋಗಬಾರದೆಂದು.

“ಸ್ಪೂರ್ತೀನ ಚಿಕ್ಕೋರ ಜೊತೆ ಬಿಟ್ರೆ ಯಾವುದಾದ್ರೂ ಮಗೂನ ಕೊಲ್ತಾಳೆ. ದೊಡ್ಡೋರ ಜೊತೆ ಬಿಟ್ರೆ ಇವಳಿಗೇ ಏನಾದ್ರೂ ಆಗ್ತದೆ,” ಎಂದರು. “ಎಲ್ಲಿ ಬರೆದ್ರೂ ನನ್ನ ಕೈಯಲ್ಲೇ ಬರೀಬೇಕಲ್ಲ ಮೇಡಂ.”

ಮಾರನೇ ದಿನದಿಂದ ಶಿಬಿರ ಬೇರೆಯೇ ಆಯಿತು. ಭವ್ಯ ಒಂದು ವಾರ ಬರಲಿಲ್ಲ. ಬಂದ ಮೇಲೂ ಬ್ಯಾಟು ಮುಟ್ಟಲಿಲ್ಲ, ನನ್ನ ಕುರ್ಚಿ ಪಕ್ಕ ಕೂತು ಹುಲ್ಲು ಕೀಳುತ್ತಿದ್ದಳು. ಸ್ಪೂರ್ತಿಯ ಕೈ ಸೋತಿತು. ಚೆಂಡು ತೂಗಾಡಿಕೊಂಡು ಹೋಗುತ್ತಿತ್ತು, ಯಾರು ಬೇಕಾದರೂ ಹೊಡೆಯುತ್ತಿದ್ದರು. ಈರಭದ್ರಪ್ಪನವರು ಒಂದು ಬೆಳಗ್ಗೆ ಬಂದು ನೋಡಿ, ಹುಡುಗಿಗೆ ಮೈ ಹುಷಾರಿಲ್ಲವೇ ಎಂದು ಕೇಳಿ ಹೋದರು. ಹೋಗುವಾಗ ಪಟ್ಟಿ ಮೇ ಕೊನೆಯೊಳಗೆ ಬೇಕು ಎಂದರು. ಮೇಷ್ಟ್ರಿಗೆ ನಿದ್ದೆ ಹತ್ತುತ್ತಿರಲಿಲ್ಲವಂತೆ. ಕಣ್ಣು ಮುಚ್ಚಿದರೆ ಚೆಂಡು ಬರುತ್ತದೆ, ಯಾರ ಮುಖಕ್ಕೆ ಎಂದು ಕಾಣುವುದಿಲ್ಲ ಎಂದರು. ಪಟ್ಟಿಯ ಹಾಳೆಯನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದರು, ಬೆವರಿಗೆ ಅದರ ಮಡಿಕೆಗಳು ಹರಿದಿದ್ದವು.

ಸಂಗೀತಾಳನ್ನೇ ಹೋಗಿ ಕೇಳಿ ಎಂದು ಹೇಳಿದವಳು ನಾನು. ಹೇಳಿದ ಮೇಲೆ ತಪ್ಪು ಮಾಡಿದೆನೇನೋ ಎನ್ನಿಸಿತು. ಅವರ ಮುಖ ಅಷ್ಟು ಬಿಳಿಚಿಕೊಂಡಿತು. ಮೂರು ದಿನ ಆ ಮಾತೇ ಎತ್ತಲಿಲ್ಲ. ನಾಲ್ಕನೇ ದಿನ, ನೀವೂ ಬರುವುದಾದರೆ ಹೋಗೋಣ ಎಂದರು.

ಚಿಕ್ಕ ಅಂಗಡಿ. ಒಂದು ಜೆರಾಕ್ಸ್ ಮೆಷಿನ್ನು, ಒಂದು ಕಂಪ್ಯೂಟರ್, ಅರ್ಜಿ ತುಂಬಿಸಲು ಬಂದ ನಾಲ್ಕು ಜನ. ಸಂಗೀತಾ ಇಪ್ಪತ್ತನಾಲ್ಕರ ಗಟ್ಟಿ ಹೆಂಗಸಾಗಿದ್ದಳು. ಓದುವಾಗ ತಲೆಯನ್ನು ಸ್ವಲ್ಪ ಬಲಕ್ಕೆ ತಿರುಗಿಸಿಕೊಳ್ಳುತ್ತಿದ್ದಳು, ಅಷ್ಟೇ. ಮೇಷ್ಟ್ರನ್ನು ಕಂಡು ಎದ್ದು ನಿಂತಳು. ಕೈಯಲ್ಲಿದ್ದ ಕೆಲಸ ಮುಗಿಸಿ, ಜನ ಹೋದ ಮೇಲೆ ಎರಡು ಸ್ಟೂಲು ಹಾಕಿದಳು.

ಮೇಷ್ಟ್ರು ಬಂದ ವಿಷಯ ಹೇಳಲು ಬಹಳ ತಡಬಡಿಸಿದರು. ಕೊನೆಗೆ ಸ್ಪೂರ್ತಿಯ ಕಥೆಯೆಲ್ಲ ಹೇಳಿ, ಯಾವ ತಂಡಕ್ಕೆ ಬರೆಯಲಿ ಎಂದು ಕೇಳಿದರು.

ಸಂಗೀತಾ ಮೆಷಿನ್ನಿನ ಸ್ವಿಚ್ ಆರಿಸಿದಳು. ಆಮೇಲೆ ಹೇಳಿದಳು: “ನೀವು ಒಂದ್ ಸ್ಟಾಪ್ ಹಿಂದೆ ಇಳ್ಕೊಂಡು ಹೋಗೋದು ನಂಗೆ ಗೊತ್ತಿತ್ತು ಸಾರ್. ಅಂಗಡಿ ಹಾಕಿದ ದಿವಸದಿಂದ್ಲೂ ಗೊತ್ತು.”

ಮೇಷ್ಟ್ರು ತಲೆ ತಗ್ಗಿಸಿದರು.

“ಕಣ್ಣು ಹೋಗಿದ್ದಕ್ಕೆ ನಂಗೆ ನಿಮ್ ಮೇಲೆ ಕೋಪ ಇರ್ಲಿಲ್ಲ. ಆಮೇಲೆ ಒಂದ್ಸಲಾನೂ ಬರ್ಲಿಲ್ವಲ್ಲ, ಅದಕ್ಕೆ ಇತ್ತು. ಈಗ್ಲೂ ಇದೆ.” ದನಿ ಏರಿಸದೆ, ಅರ್ಜಿದಾರರಿಗೆ ಇನ್ನೊಂದು ಫೋಟೋ ಬೇಕು ಎಂದು ಹೇಳುವಂತೆ ಹೇಳಿದಳು. ನಂತರ ತರೀಕೆರೆಯ ಆ ದಿನವನ್ನು ತಾನೇ ಎತ್ತಿದಳು. ಬೆಳಗ್ಗೆ ತಿಂಡಿ ಸೇರಿರಲಿಲ್ಲವಂತೆ. ಎಸೆದ ಮೇಲೆ ಪ್ರತಿ ಸಲವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳಂತೆ. “ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಹೇಳಿದ್ರೆ ಟೀಮಿಂದ ತೆಗೀತೀರ ಅಂದ್ಕೊಂಡಿದ್ದೆ. ಆ ಹುಡುಗೀನ ಕೇಳಿದೀರಾ ಸಾರ್?”

ಕೇಳಿರಲಿಲ್ಲ. ಮುಖ್ಯೋಪಾಧ್ಯಾಯರನ್ನು, ಅಪ್ಪನನ್ನು, ಅಜ್ಜಂಪುರದ ಗೆಳೆಯ ಕೋಚ್ ಓಬಳಪ್ಪನನ್ನು, ನನ್ನನ್ನು ಎಲ್ಲ ಕೇಳಿದ್ದರು. ಸ್ಪೂರ್ತಿಯನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ.

ಭಾನುವಾರ ಅವಳ ಮನೆಗೆ ಹೋದೆವು. ಯಗಟಿಯಿಂದ ಎರಡು ಮೈಲಿ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ ಹೆಂಚಿನ ಮನೆ. ಮಹೇಂದ್ರ ಟೆಂಪೋ ತೆಗೆದುಕೊಂಡು ಹೋಗಿದ್ದ. ಕರಿಯಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಸ್ಪೂರ್ತಿ ಕಂಬಕ್ಕೆ ಒರಗಿ ನಿಂತಳು. ಮೇಷ್ಟ್ರು ಜಗಲಿಯ ಮೇಲೆ ಕೂತು, ಯಾವ ತಂಡ ಎಂದು ಕೇಳಲಿಲ್ಲ. ನಿನಗೆ ಏನು ಹೆದರಿಕೆ ಎಂದು ಕೇಳಿದರು.

ಹುಡುಗಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆದಳು. ಆಮೇಲೆ ಒಂದೊಂದೇ ಮಾತು ಬಂತು. ಅವಳ ಕೈ ಸೋತಿರಲಿಲ್ಲ. ಬೇಕೆಂದೇ ಮೆಲ್ಲಗೆ ಎಸೆಯುತ್ತಿದ್ದಳು. “ಎಸೆಯಕ್ಕೆ ಕೈ ಎತ್ತಿದ್ರೆ ಭವ್ಯ ಬಿದ್ದಿದ್ದೇ ಕಾಣ್ತದೆ ಸಾರ್. ಅವಳ ಕಣ್ಣು ಬೆಳ್ಳಗೆ ಆಗಿತ್ತಲ್ಲ.” ಚಿಕ್ಕವರು ಎದುರು ನಿಂತರೆ ಇನ್ನು ಜೋರಾಗಿ ಎಸೆಯಲು ಆಗುವುದಿಲ್ಲ ಎಂದಳು. ದೊಡ್ಡವರಿಗಾದರೆ ಎಸೆಯಬಲ್ಲಳು. ಆದರೆ ಅವರು ಹೊಡೆದರೆ ಎಂಬ ಭಯವೂ ಇತ್ತು. ಸಂಗೀತಕ್ಕನ ವಿಷಯ ಊರಲ್ಲಿ ಎಲ್ಲರಿಗೂ ಗೊತ್ತು ಎಂದಳು.

ಎರಡರಲ್ಲಿ ಯಾವ ಹೆದರಿಕೆ ತಡೆದುಕೊಳ್ಳಬಲ್ಲೆ ಎಂದು ಮೇಷ್ಟ್ರು ಕೇಳಿದರು.

“ದೊಡ್ಡೋರ ಜೊತೆ ಆದ್ರೆ, ಬಿದ್ರೆ ನಂಗೇ ಬೀಳ್ತದೆ,” ಎಂದಳು.

ಕರಿಯಮ್ಮನ ಕೈ ನಿಂತಿತ್ತು. ಆಕೆ ಮೊಮ್ಮಗಳನ್ನು ನೋಡಲಿಲ್ಲ, ಮೇಷ್ಟ್ರನ್ನು ನೋಡಿದರು. “ನಿಮ್ಗೆ ಹೆದರಿಕೆ ಇಲ್ವಾ ಮೇಷ್ಟ್ರೇ?”

“ಇದೆ ಕಣವ್ವಾ. ಬಾಳ ಇದೆ.”

“ಹಂಗಾದ್ರೆ ಜೋಪಾನ ಮಾಡ್ತೀರಿ ಬಿಡಿ,” ಎಂದು ಆಕೆ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದರು.

ಮೇ ಮೂರನೇ ವಾರ ಅಜ್ಜಂಪುರದಲ್ಲಿ ಒಂದು ಅಭ್ಯಾಸ ಪಂದ್ಯ ಗೊತ್ತುಮಾಡಿದರು. ಎದುರು ಓಬಳಪ್ಪನವರ ಹದಿನೇಳರ ತಂಡ. ಅಷ್ಟರಲ್ಲಿ ಪಿಚರ್ ಮುಖಕ್ಕೆ ಕಟ್ಟಿಕೊಳ್ಳುವ ಕಂಬಿಯ ಮಾಸ್ಕ್ ಒಂದನ್ನು ಪಾರ್ಸೆಲ್‌ನಲ್ಲಿ ತರಿಸಿದ್ದರು. ಅಂಥದ್ದು ಇದೆ ಎಂಬುದೇ ಹನ್ನೊಂದು ವರ್ಷದ ಹಿಂದೆ ಅವರಿಗೆ ಗೊತ್ತಿರಲಿಲ್ಲ. ಹದಿನೈದು ದಿನ ಅವಳಿಗೆ ಬೇರೇನೂ ಕಲಿಸಲಿಲ್ಲ. ಎಸೆಯುವುದು, ಎಸೆದ ಕೂಡಲೇ ಗ್ಲೌಸು ಎದೆಗೆ ತಂದು ಕಣ್ಣು ತೆರೆದು ನಿಲ್ಲುವುದು, ಅಷ್ಟೇ. ಮೇಷ್ಟ್ರೇ ಮೆಲ್ಲಗೆ ಹೊಡೆದು ಚೆಂಡನ್ನು ಅವಳತ್ತ ಕಳಿಸುತ್ತಿದ್ದರು. ಒಂದೊಂದು ಸಲ ಅವರೇ ಕಣ್ಣು ಮುಚ್ಚಿಕೊಳ್ಳುತ್ತಿದ್ದದ್ದನ್ನು ನಾನು ಕಂಡಿದ್ದೇನೆ. ಅವಳಿಗೆ ಒಂದು ಮಾತು ಕೊಟ್ಟಿದ್ದರು: ಸಾಕು ಎನ್ನಿಸಿದಾಗ ಕೈ ಎತ್ತಬೇಕು, ಎತ್ತಿದರೆ ಆಟ ನಿಲ್ಲುತ್ತದೆ, ಯಾಕೆ ಎಂದು ಯಾರೂ ಕೇಳುವುದಿಲ್ಲ.

ಕಡೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಹೋದೆವು. ಸ್ಪೂರ್ತಿ ಕಿಟಕಿಯ ಬಳಿ ಕೂತಿದ್ದಳು. ತಿಂಡಿ ಸೇರುತ್ತಿಲ್ಲ ಎಂದಳು. ಮೇಷ್ಟ್ರು ಅದನ್ನು ಕೇಳಿ ಎದ್ದು ಬಾಗಿಲ ಬಳಿ ಹೋಗಿ ನಿಂತರು. ಬೀರೂರು ದಾಟುವವರೆಗೂ ಒಳಗೆ ಬರಲಿಲ್ಲ. ಬಂದಾಗ, ಬೇಡ ಎಂದರೆ ಇಲ್ಲೇ ಇಳಿದು ವಾಪಸ್ ಹೋಗೋಣ ಎಂದು ಅವಳನ್ನು ಕೇಳಿದರು. ಅವಳು ಆಡುತ್ತೇನೆ ಎಂದಳು.

ಎದುರಿನ ಹುಡುಗಿಯರು ನನಗಿಂತ ಎತ್ತರವಿದ್ದರು. ಮೊದಲಿಬ್ಬರು ಸ್ಪೂರ್ತಿಯ ಚೆಂಡಿಗೆ ಬ್ಯಾಟು ತಾಗಿಸಲಾಗದೆ ಔಟಾದರು. ಟೆಂಪೋದಲ್ಲಿ ಬಂದು ಬೇಲಿಯ ಹತ್ತಿರ ನಿಂತಿದ್ದ ಮಹೇಂದ್ರ ಚಪ್ಪಾಳೆ ತಟ್ಟಿದ. ಮೂರನೆಯವಳು ಅವರ ತಂಡದ ನಾಯಕಿ. ಮೊದಲ ಚೆಂಡನ್ನು ಬಿಟ್ಟಳು. ಎರಡನೆಯದಕ್ಕೆ ಬೀಸಿದಳು.

ನಾನು ಚೆಂಡನ್ನು ನೋಡಲಿಲ್ಲ. ಎರಡು ಸದ್ದು ಕೇಳಿದೆ, ಒಂದರ ಬೆನ್ನಿಗೆ ಇನ್ನೊಂದು, ಎರಡನೆಯದು ಕಬ್ಬಿಣದ ಸದ್ದು. ಸ್ಪೂರ್ತಿ ನೆಲದ ಮೇಲೆ ಕೂತಿದ್ದಳು. ಮೇಷ್ಟ್ರು ಹೊರಟರು. ಓಡಲಿಲ್ಲ, ಮೊಣಕಾಲುದ್ದ ನೀರಿನಲ್ಲಿ ನಡೆಯುವವರಂತೆ ಒಂದೊಂದೇ ಹೆಜ್ಜೆ ಕಿತ್ತಿಟ್ಟು ನಡೆದರು. ನಾನು ಹಿಂದೆ ಹೋದೆ. ಮಾಸ್ಕಿನ ಒಂದು ಕಂಬಿ ಒಳಕ್ಕೆ ಬಗ್ಗಿತ್ತು. ಅದರ ಪಟ್ಟಿ ಬಿಚ್ಚಲು ಅವರಿಗೆ ಆಗಲಿಲ್ಲ, ನಾನೇ ಬಿಚ್ಚಿದೆ. ಬಲಗೆನ್ನೆಯ ಮೇಲೆ ಕಂಬಿಯ ಕೆಂಪು ಗೆರೆ ಇತ್ತು, ಕಣ್ಣಿನಿಂದ ಒಂದೂವರೆ ಬೆರಳು ಕೆಳಗೆ.

ಮೇಷ್ಟ್ರು ಮೂರು ಬೆರಳು ಹಿಡಿದು ಎಷ್ಟು ಎಂದು ಕೇಳಿದರು. ಅವಳು ಮೂರು ಎಂದಳು. ಎಡಗಣ್ಣು ಮುಚ್ಚಿಸಿ ಮತ್ತೆ ಕೇಳಿದರು. ಒಂದು ಎಂದಳು. ಒಂದೇ ಇತ್ತು.

“ಕಣ್ ಬಿಟ್ಕೊಂಡೇ ಇದ್ದೆ ಸಾರ್,” ಎಂದಳು. “ಗ್ಲೌಸು ಎತ್ತದ್ರೊಳಗೆ ಬಂದ್ಬಿಡ್ತು.” ಆಮೇಲೆ ಕೂತಲ್ಲೇ ಕೈ ಎತ್ತಿದಳು.

ಬೇಲಿಯ ಕಡೆಯಿಂದ ಮಹೇಂದ್ರ, ಏನೂ ಆಗಿಲ್ಲವಲ್ಲ, ಇನ್ನೊಬ್ಬರಿಗೆ ಎಸೆಯಲಿ ಎಂದ. ಮೇಷ್ಟ್ರು ಅವನ ಕಡೆ ತಿರುಗಿ ಕೂಡ ನೋಡದೆ ಹುಡುಗಿಯನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದರು. ಅಲ್ಲಿಯ ಆಸ್ಪತ್ರೆಯಲ್ಲಿ ತೋರಿಸಿದೆವು. ಕೆನ್ನೆ ಊದಿದ್ದು ಬಿಟ್ಟರೆ ಏನೂ ಇರಲಿಲ್ಲ. ವಾಪಸ್ ಬರುವಾಗ ಅವಳು ನನ್ನ ಹೆಗಲಿಗೆ ಒರಗಿ ನಿದ್ದೆ ಹೋದಳು. ಮೇಷ್ಟ್ರು ಎದುರು ಸೀಟಿನಲ್ಲಿ ಕೂತು ಕಡೂರು ಬರುವವರೆಗೂ ಅವಳ ಮುಖವನ್ನೇ ನೋಡುತ್ತಿದ್ದರು.

ಅವಳು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಸೋಮವಾರ ಬಂದಳು, ಊದಿದ ಕೆನ್ನೆಯಲ್ಲೇ. ಅವಳೂ ಮೇಷ್ಟ್ರೂ ಬೇವಿನ ಮರದ ಕೆಳಗೆ ಅರ್ಧ ಗಂಟೆ ಮಾತಾಡಿದರು. ಆ ದಿನವೇ ಪಟ್ಟಿ ಬರೆದದ್ದು. ಸ್ಪೂರ್ತಿ ಹದಿನೇಳರ ತಂಡಕ್ಕೆ. ಆದರೆ ಈ ವರ್ಷ ಬ್ಯಾಟಿನಿಂದ ದೂರ, ಮೈದಾನದ ಹಿಂಭಾಗದಲ್ಲಿ ನಿಲ್ಲುವುದು. ಎಸೆಯುವುದಾದರೆ ಒಂದು ಪಂದ್ಯದಲ್ಲಿ ಒಂದೇ ಇನ್ನಿಂಗ್ಸ್, ಅಂದರೆ ಎದುರಿನ ಮೂವರು ಔಟಾಗುವವರೆಗೆ, ಅದೂ ಅವಳೇ ಕೇಳಿದರೆ. ಹೆಸರಿನ ಮುಂದೆ ಮೇಷ್ಟ್ರು ಇದನ್ನೆಲ್ಲ ಸಣ್ಣ ಅಕ್ಷರದಲ್ಲಿ ಬರೆದಿದ್ದರು.

ಈರಭದ್ರಪ್ಪನವರು ಒಂದು ವಾರ ಮೇಷ್ಟ್ರ ಜೊತೆ ಮಾತಾಡಲಿಲ್ಲ. ಅವರು ಹೆದರಿದಂತೆಯೇ ಹದಿನಾಲ್ಕರ ತಂಡ ಜಿಲ್ಲಾ ಪಂದ್ಯದಲ್ಲಿ ಮೊದಲ ದಿನವೇ ಸೋತಿತು. ಭವ್ಯ ಕೊನೆಗೂ ಬ್ಯಾಟು ಹಿಡಿದಳು, ಒಂದು ಸಲ ಚೆಂಡಿಗೆ ತಾಗಿಸಿ ಓಡಲು ಮರೆತು ಔಟಾದಳು. ಹದಿನೇಳರ ತಂಡ ಸೆಮಿಫೈನಲ್‌ವರೆಗೆ ಹೋಯಿತು. ಅಲ್ಲಿವರೆಗೆ ಸ್ಪೂರ್ತಿ ಎಸೆದದ್ದು ಮೂರು ಇನ್ನಿಂಗ್ಸ್. ಎರಡನೆಯದರಲ್ಲಿ ಒಂದು ಚೆಂಡೂ ನೆಟ್ಟಗೆ ಬೀಳದೆ ಅತ್ತಳು. ಮೂರನೆಯದರಲ್ಲಿ ಮೂವರನ್ನೂ ಔಟ್ ಮಾಡಿದಳು. ಮೂರನೆಯದನ್ನು ಮೇಷ್ಟ್ರು ನೋಡಲಿಲ್ಲ. ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತಿದ್ದರು. ಮುಗಿಯಿತು ಎಂದು ನಾನು ಹೋಗಿ ಹೇಳಬೇಕಾಯಿತು. ಅವಳು ಚೆನ್ನಾಗಿದ್ದಾಳಾ ಎಂದರು. ಎಷ್ಟು ಜನ ಔಟಾದರು ಎಂದು ಕೇಳಲಿಲ್ಲ.

ಈ ವರ್ಷದ ಶಿಬಿರ ಮೊನ್ನೆ ಶುರುವಾಗಿದೆ. ಈಗ ಮೇಷ್ಟ್ರು ಪ್ರತಿ ಮಗುವನ್ನೂ ಒಬ್ಬೊಬ್ಬಳಾಗಿ ಕರೆದು ಕೂರಿಸಿಕೊಳ್ಳುತ್ತಾರೆ. ಜನ್ಮದಿನಾಂಕದ ಕಾಗದ ಆಮೇಲೆ, ಮೊದಲು ಹೆದರಿಕೆಯ ಮಾತು. ಹಿರೇನಲ್ಲೂರಿನಿಂದ ಹೊಸದಾಗಿ ಸೇರಿದ ಅಶ್ವಿನಿ ಎಂಬ ಹುಡುಗಿ, ಗಟ್ಟಿ ಮೈ, ಒಳ್ಳೆಯ ಹೊಡೆತ, ವಯಸ್ಸಿನ ಲೆಕ್ಕದಲ್ಲಿ ಎರಡು ತಂಡಕ್ಕೂ ಸಲ್ಲುವವಳು, ನಿನ್ನೆ ಬಂದು ಎದೆ ಸೆಟೆಸಿ ಕೂತಳು. ತನಗೆ ಯಾವುದಕ್ಕೂ ಹೆದರಿಕೆ ಇಲ್ಲ, ಎಷ್ಟು ದೊಡ್ಡವರ ಜೊತೆ ಬೇಕಾದರೂ ಆಡುತ್ತೇನೆ ಎಂದಳು. ಮೇಷ್ಟ್ರು ಇನ್ನೊಂದು ಸಲ ಕೇಳಿದರು. ಅವಳು ನಕ್ಕು ಅದನ್ನೇ ಹೇಳಿದಳು.

ಅವಳು ಎದ್ದು ಹೋದ ಮೇಲೆ ಮೇಷ್ಟ್ರು ಪೆನ್ನು ತೆಗೆದು ಅವಳ ಹೆಸರನ್ನು ಹದಿನಾಲ್ಕರ ತಂಡದಲ್ಲಿ ಬರೆದರು.

“ಇವಳು ಇನ್ನೊಂದ್ ವರ್ಷ ಇಲ್ಲೇ ಇರ್ಲಿ ಮೇಡಂ,” ಎಂದರು. “ಹೆದರಿಕೇನೇ ಇಲ್ಲ ಅಂತಾಳಲ್ಲ, ಇವಳನ್ನ ನೋಡಿದ್ರೆ ನಂಗೆ ಭಯ ಆಗ್ತದೆ.”